ನಾಲ್ಕನೇ ಡಬ್ಬಿ

ಬೋರ್ಡಣ್ಣನಿಗೆ ಹೊಟ್ಟೆಕಿಚ್ಚು ಶುರುವಾದದ್ದು ಒಂದು ಮಂಗಳವಾರ ಸಂಜೆ ಐದೂಕಾಲಿಗೆ, ಎರಡನೇ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ಮೇಲಕ್ಕೆತ್ತುವ ಹೊತ್ತಿಗೆ. ಅಲ್ಲಿಯವರೆಗೆ ಅವನು ಯಾರನ್ನು ಕಂಡೂ ಕರುಬಿದವನಲ್ಲ. ಪಕ್ಕದ ಮನೆಯವರು ಹೊಸ ಸ್ಕೂಟರು ತಂದಾಗ ತಾನೇ ಹೋಗಿ ನಂಬರು ಬರೆದುಕೊಟ್ಟಿದ್ದ. ಷಡ್ಡಕ ಮಹಡಿ ಮನೆ ಕಟ್ಟಿಸಿದಾಗ ಬಾಗಿಲ ಮೇಲೆ ಮನೆಯ ಹೆಸರು ಬರೆದುಕೊಟ್ಟು, ಮೂರು ಸಲ ದೂರ ನಿಂತು ನೋಡಿ, ಅಕ್ಷರ ನೆಟ್ಟಗಿದೆ ಎಂದು ಸಂತೋಷಪಟ್ಟು ಬಂದಿದ್ದ. ಮನೆ ನೆಟ್ಟಗಿದೆಯೇ ಎಂದು ನೋಡಲಿಲ್ಲ. ಅದು ಅವನ ಕೆಲಸವಲ್ಲ.

ಅವನ ಕೆಲಸ ಬೋರ್ಡು ಬರೆಯುವುದು. ಇಪ್ಪತ್ತು ವರ್ಷದಿಂದ ಆ ಊರಿನಲ್ಲಿ ಯಾರು ಯಾರಿಗೆ ಏನು ಹೇಳಬೇಕಾದರೂ ಅವನ ಬ್ರಷ್ಷಿನಿಂದಲೇ ಹೇಳುತ್ತಿದ್ದರು. 'ನಾಯಿ ಇದೆ ಎಚ್ಚರಿಕೆ', 'ಚಪ್ಪಲಿ ಹೊರಗೆ ಬಿಡಿ', 'ಹಲ್ಲು ನೋವಿಲ್ಲದೆ ಕೀಳಲಾಗುವುದು', 'ಗೇಟಿನ ಮುಂದೆ ವಾಹನ ನಿಲ್ಲಿಸಬೇಡಿ' ಎಲ್ಲವೂ ಅವನ ಕೈಯವೇ. ಪ್ರತಿಯೊಂದರ ಕೆಳಗೆ ಬಲಮೂಲೆಯಲ್ಲಿ ಕಡಲೆಕಾಳಿನಷ್ಟು ಅಕ್ಷರದಲ್ಲಿ 'ಬರಹ: ಬೋರ್ಡಣ್ಣ' ಎಂದಿರುತ್ತಿತ್ತು. ಅದನ್ನು ಬರೆಯಲು ಅವನ ಮನಸ್ಸು ಬೇಕಾಗಿರಲಿಲ್ಲ. ಕೈ ತಾನೇ ಬರೆದು ಮುಗಿಸಿ ಬ್ರಷ್ಷು ತೊಳೆಯಲು ಹೊರಡುತ್ತಿತ್ತು. ಊರಿನ ಎಲ್ಲ ಗೋಡೆಯಲ್ಲೂ ಇದ್ದದ್ದರಿಂದ ಅದನ್ನು ಯಾರೂ ಓದುತ್ತಿರಲಿಲ್ಲ.

ಆ ಮಂಗಳವಾರ ಅವನ ಮಗಳು ಗುಬ್ಬಿ, ಮೂರನೇ ಕ್ಲಾಸು, ಊಟದ ಮೇಜಿನ ಮೇಲೆ ಮೊಣಕಾಲೂರಿ ಕುಳಿತು ಹೋಂವರ್ಕು ಬರೆಯುತ್ತಿದ್ದಳು.

"ಏನೇ ಅದು?" ಎಂದ ಬೋರ್ಡಣ್ಣ.

"ನಮ್ಮ ಬೀದಿಯಲ್ಲಿ ಬರೆಯುವವರು ಯಾರು, ಅವರು ಯಾಕೆ ಬರೀತಾರೆ ಅಂತ ಬರ್ಕೊಂಡು ಬನ್ನಿ ಅಂದಿದಾರೆ ಟೀಚರ್. ಶುಕ್ರವಾರ ಒಬ್ಬರನ್ನ ಸ್ಕೂಲಿಗೆ ಕರೀತಾರಂತೆ. 'ಬರೆದವರು ಬಂದಿದ್ದಾರೆ' ಅಂತ ಕಾರ್ಯಕ್ರಮ."

ಬೋರ್ಡಣ್ಣ ಬಿಸ್ಕತ್ತನ್ನು ಚಹಾದೊಳಗೇ ಬಿಟ್ಟು ಬೆನ್ನು ನೆಟ್ಟಗೆ ಮಾಡಿಕೊಂಡ. ಕೂದಲ ಮೇಲೆ ಕೈಯಾಡಿಸಿಕೊಂಡ. "ಹೂಂ, ಬರಿ ಬರಿ. ನಾಚಿಕೆಪಟ್ಕೋಬೇಡ" ಎಂದ.

"ಬರೆದಾಯ್ತಲ್ಲ. ಔಷಧಿ ಮಾಮ."

ಹೊಲಿಗೆ ಯಂತ್ರದ ಮುಂದೆ ಕುಳಿತು ಯಾರದೋ ಪರದೆಗೆ ಅಂಚು ಹೊಲಿಯುತ್ತಿದ್ದ ಹೆಂಡತಿ ಕಾಲು ನಿಲ್ಲಿಸಿದಳು. ಲೋಟದೊಳಗೆ ಬಿಸ್ಕತ್ತು ಕರಗಿ ತಳ ಸೇರಿತು.

ಔಷಧಿ ಮಾಮ ಎಂದರೆ ಮೂಲೆಯ ಔಷಧಿ ಅಂಗಡಿಯವರು. ಹೋದ ವರ್ಷ ಅವರು 'ಕೆಮ್ಮು ಮತ್ತು ಇತರ ಕವನಗಳು' ಎಂಬ ಪುಸ್ತಕ ಅಚ್ಚು ಹಾಕಿಸಿ, ಒಂದು ಬಾಟಲಿ ಕೆಮ್ಮಿನ ಔಷಧಿಗೆ ಒಂದು ಪುಸ್ತಕದಂತೆ ಹಂಚುತ್ತಿದ್ದರು. ಒಮ್ಮೆ ಹೋಗಿ ಕೆಮ್ಮಿದವರು ಎರಡನೇ ಸಲ ಬೇರೆ ಅಂಗಡಿಗೆ ಹೋಗಿ ಕೆಮ್ಮುತ್ತಿದ್ದರು.

"ಅವರು ಬರೆಯುವವರು! ಮತ್ತೆ ನಾನು?" ಎಂದ ಬೋರ್ಡಣ್ಣ. "ಬೆಳಗ್ಗೆ ಎದ್ದಾಗಿಂದ ಸಂಜೆವರೆಗೆ ನಾನೇನು ಮಾಡ್ತೀನಿ?"

"ನೀನು ಬೇರೆಯವರು ಹೇಳಿದ್ದನ್ನ ಬರೀತೀಯಪ್ಪ," ಎಂದಳು ಗುಬ್ಬಿ, ಅವನಿಗೆ ಅರ್ಥವಾಗಲೆಂದು ನಿಧಾನವಾಗಿ. "ಟೀಚರ್ ಮೂರು ಚಪ್ಪಲಿ ಡಬ್ಬಿ ಇಟ್ಟಿದಾರೆ. ಒಂದು ತಿಳಿಸೋಕೆ, ಒಂದು ಒಪ್ಪಿಸೋಕೆ, ಒಂದು ನಗಿಸೋಕೆ. ಏನೇ ಓದಿದ್ರೂ ಎರಡು ಪ್ರಶ್ನೆ ಕೇಳ್ಬೇಕು. ಬರೆದೋರು ಯಾರು? ಯಾಕೆ ಬರೆದ್ರು? ಆಮೇಲೆ ಚೀಟಿ ಮಾಡಿ ಡಬ್ಬಿಗೆ ಹಾಕ್ಬೇಕು. ಬರೆಯೋರಿಗೆ ಒಂದು ಉದ್ದೇಶ ಇರತ್ತಂತೆ. ನಿನಗೇನು ಉದ್ದೇಶ?"

ಬೋರ್ಡಣ್ಣ ಚಹಾದಲ್ಲಿ ಬೆರಳದ್ದಿ ಮೇಜಿನ ಮೇಲೆ ಒಂದು ನೆಟ್ಟನೆಯ ಗೆರೆ ಎಳೆದ.

"ಅಕ್ಷರ ಸೊಟ್ಟ ಆಗಬಾರದು ಅಂತ," ಎಂದ.

"ಅದಕ್ಕೆ ಡಬ್ಬಿ ಇಲ್ಲ," ಎಂದು ಗುಬ್ಬಿ ಪುಸ್ತಕ ಮುಚ್ಚಿದಳು.

"ರೀ, ಇನ್ನೊಂದು ಬಿಸ್ಕತ್ತು ಕೊಡ್ಲಾ?" ಎಂದಳು ಹೆಂಡತಿ.

"ಔಷಧಿ ಮಾಮನಿಗೇ ಕೊಡು!" ಎಂದು ಬೋರ್ಡಣ್ಣ ಎದ್ದುಹೋದ.

ಮರುದಿನ ಬೆಳಗ್ಗೆ ಅವನು ಬಣ್ಣದ ಡಬ್ಬಿಗಳ ಜೊತೆ ಒಂದು ಉದ್ದೇಶವನ್ನೂ ತೆಗೆದುಕೊಂಡು ಮನೆಯಿಂದ ಹೊರಟ. ಮೊದಲ ಕೆಲಸ ಕಟಿಂಗ್ ಅಂಗಡಿಯಲ್ಲಿ. ಅಂಗಡಿಯವನು ಗೋಡೆಗೆ ಬರೆಯಲು ಹೇಳಿದ್ದು ಮೂರೇ ಪದ: 'ಸಾಲಾಗಿ ಕುಳಿತು ಕಾಯಿರಿ'. ಬೋರ್ಡಣ್ಣ ಆ ಮೂರು ಪದವನ್ನು ನೋಡಿದ. ಅದರಲ್ಲಿ ತಿಳಿಸುವುದಿತ್ತು, ಒಪ್ಪಿಸುವುದೂ ಇತ್ತು, ನಗಿಸುವುದು ಎಲ್ಲೂ ಕಾಣಲಿಲ್ಲ. ಒಂದು ಗಂಟೆಯ ನಂತರ ಅಂಗಡಿಯವನು ಕತ್ತರಿ ಕೆಳಗಿಟ್ಟು ತಿರುಗಿ ನೋಡಿದಾಗ ಗೋಡೆಯ ಮೇಲೆ ಹೀಗಿತ್ತು: 'ಸಾಲಾಗಿ ಕುಳಿತು ಕಾಯಿರಿ. ಅವಸರ ಮಾಡಿದರೆ ಕೂದಲಿನ ಜೊತೆ ಕಿವಿಯೂ ಹೋಗಬಹುದು. ಕೂದಲು ಮತ್ತೆ ಬೆಳೆಯುತ್ತದೆ, ಕಿವಿಯ ವಿಷಯ ಗೊತ್ತಿಲ್ಲ.'

ಕುರ್ಚಿಯಲ್ಲಿ ಮುಖಕ್ಕೆಲ್ಲ ಸೋಪು ಹಚ್ಚಿಸಿಕೊಂಡು ಕುಳಿತಿದ್ದ ಗಿರಾಕಿ ಅದನ್ನು ಕನ್ನಡಿಯಲ್ಲಿ ಕಂಡು, ಉಲ್ಟಾ ಇದ್ದದ್ದರಿಂದ ತಿರುಗಿ ಓದಿ, ಹೋ ಎಂದು ನಕ್ಕುಬಿಟ್ಟ. ನೊರೆ ಹಾರಿ ಕನ್ನಡಿಗೆ ಬಿತ್ತು.

"ಬೋರ್ಡಣ್ಣ, ಏನಯ್ಯ ಇದು?" ಎಂದ ಅಂಗಡಿಯವನು. "ನಾನು ಹೇಳಿದ್ದು ಮೂರು ಪದ!"

"ಉದ್ದೇಶ ಸೇರ್ಸಿದೀನಿ."

"ನಗ್ತಾ ಇದಾನಲ್ಲಯ್ಯ ಇವನು! ನಗೋ ಕೆನ್ನೆ ಮೇಲೆ ಕತ್ತಿ ಇಡಕ್ಕಾಗತ್ತಾ? ಮೊದ್ಲು ಅಳಿಸು ಅದನ್ನ!"

ಬೋರ್ಡಣ್ಣ ಅಳಿಸಿದ. ತನ್ನ ಜೀವನದ ಮೊದಲ ಸ್ವಂತ ವಾಕ್ಯವನ್ನು ತಾನೇ ಒದ್ದೆ ಬಟ್ಟೆಯಿಂದ ಉಜ್ಜಿ ತೆಗೆದ. ಬಟ್ಟೆ ಹಿಂಡಿದಾಗ ಬಂದ ನೀಲಿ ನೀರನ್ನು ಚರಂಡಿಗೆ ಚೆಲ್ಲುವಾಗ ಅವನ ಮುಖ ನೋಡುವಂತಿರಲಿಲ್ಲ.

ಅಲ್ಲಿಂದ ವಾರ್ಡು ಆಫೀಸು. ಔಷಧಿ ಅಂಗಡಿಯ ಎದುರಿಗೇ ಆಫೀಸಿನ ಉದ್ದನೆಯ ಹೊರಗೋಡೆ. ಅದರ ಮೇಲೆ 'ಇಲ್ಲಿ ಕಸ ಹಾಕಬಾರದು' ಎಂದು ಬರೆಯಬೇಕಿತ್ತು. ಗುಮಾಸ್ತರು ಆದೇಶದ ಪ್ರತಿ ಹಿಡಿದು ಪಕ್ಕದಲ್ಲೇ ನಿಂತರು.

"ಸಾರ್, 'ಕಸಕ್ಕೂ ಒಂದು ಮನೆ ಇದೆ, ಅಲ್ಲಿಗೆ ತಲುಪಿಸಿ' ಅಂತ ಹಾಕ್ಲಾ?" ಎಂದ ಬೋರ್ಡಣ್ಣ.

ಗುಮಾಸ್ತರು ಕನ್ನಡಕದ ಮೇಲಿಂದ ನೋಡಿದರು. "ಆದೇಶದಲ್ಲಿ ಇದೆಯೇನ್ರೀ?"

"ಇಲ್ಲ. ನಾನೇ ಸ್ವಂತ..."

"ಸ್ವಂತ!" ಎಂದರು ಗುಮಾಸ್ತರು, ಯಾರೋ ಕಾಲು ತುಳಿದವರಂತೆ. "ಇಪ್ಪತ್ತೆರಡು ವರ್ಷ ಸರ್ವೀಸು ನನ್ನದು. ಇವತ್ತಿನವರೆಗೆ ಒಂದೇ ಒಂದು ಪದ ಸ್ವಂತ ಬರೆದಿಲ್ಲ. ರಜೆ ಅರ್ಜಿ ಕೂಡ ಹಿಂದಿನವರದ್ದನ್ನೇ ನೋಡಿ ಬರೆಯೋದು. ಅವರಿಗೆ ಕಾಮಾಲೆ ಆಗಿತ್ತು. ನಾನೂ ಹದಿನೆಂಟು ಸಲ ಕಾಮಾಲೆಗೇ ರಜೆ ಹಾಕಿದೀನಿ."

ಅರ್ಧ ಗೋಡೆಯಲ್ಲಿ 'ಇಲ್ಲಿ ಕಸ ಹಾಕಬಾರದು' ಎಂದಾಯಿತು. ಉಳಿದರ್ಧ ಗೋಡೆ ಬಿಳಿಯಾಗಿ, ಖಾಲಿಯಾಗಿ, ಬೋರ್ಡಣ್ಣನನ್ನೇ ನೋಡುತ್ತಾ ನಿಂತಿತು. ಅಷ್ಟರಲ್ಲಿ ಎದುರಿನ ಅಂಗಡಿಯಿಂದ ಔಷಧಿ ಮಾಮ ರಸ್ತೆ ದಾಟಿ ಬಂದರು. ಕೂದಲಿಗೆ ಆಗಲೇ ಬಣ್ಣ ಹಾಕಿಸಿಕೊಂಡಿದ್ದರು. ಕಿವಿಗೂ ಸ್ವಲ್ಪ ತಾಗಿತ್ತು.

"ಬೋರ್ಡಣ್ಣ! ನಿಮ್ಮ ಗುಬ್ಬಿ ನನ್ನ ಹೆಸರು ಕೊಟ್ಟಿದಾಳಂತೆ! ಎಂಥಾ ರಸಿಕ ಮಗು! ಟೀಚರಮ್ಮ ಫೋನ್ ಮಾಡಿದ್ರು. ಶುಕ್ರವಾರ. ಮಕ್ಕಳ ಮುಂದೆ. ವೇದಿಕೆ ಮೇಲೆ!" ಎಂದು ಉಸಿರು ಎಳೆದುಕೊಂಡರು. "ಕೇಳಿ, ಮೊದಲು ಯಾವುದು ಓದ್ಲಿ? 'ಕೆಮ್ಮೇ ಕೆಮ್ಮೇ ಎಲ್ಲಿಂದ ಬಂದೆ, ಗಂಟಲಲ್ಲಿ ಯಾಕೆ ನಿಂದೆ' ಅನ್ನೋದಾ? ಅಥವಾ 'ಮುಲಾಮು'?"

"ಮುಲಾಮು," ಎಂದ ಬೋರ್ಡಣ್ಣ ಹಲ್ಲು ಕಚ್ಚಿ.

"ನಾನೂ ಅದೇ ಅಂದ್ಕೊಂಡೆ. ಮತ್ತೆ ಸ್ಕೂಲಿನ ಬಾಗಿಲಿಗೆ ಒಂದು ಬೋರ್ಡು ಬೇಕು. 'ಬರೆದವರು ಬಂದಿದ್ದಾರೆ' ಅಂತ. ಕೆಳಗೆ ನನ್ನ ಹೆಸರು. ಹೆಸರಿನ ಹಿಂದೆ 'ಕವಿ'. ಅದನ್ನ ಕೆಂಪಲ್ಲಿ. ನಿಮ್ಮ ಕೈಯಲ್ಲೇ ಆಗ್ಬೇಕು. ನಿಮ್ಮಂಗೆ ಯಾರು ಬರೀತಾರೆ ಹೇಳಿ!"

ಕೊನೆಯ ಮಾತು ಹೊಗಳಿಕೆಯೇ. ಆದರೆ ಬೋರ್ಡಣ್ಣನ ಹೊಟ್ಟೆಯೊಳಗೆ ಅದು ಬೆಂಕಿಗೆ ಬಿದ್ದ ಸೀಮೆಎಣ್ಣೆಯಾಯಿತು.

ಬುಧವಾರ ಸಂಜೆ ಮನೆಯ ಜಗುಲಿಯಲ್ಲಿ ಆ ಬೋರ್ಡು ತಯಾರಾಯಿತು. ಗುಬ್ಬಿ ಸ್ಕೇಲು ಹಿಡಿದುಕೊಂಡು ಪಕ್ಕದಲ್ಲೇ ಕುಳಿತಿದ್ದಳು.

"ಅಪ್ಪಾ, ಔಷಧಿ ಮಾಮನ ಹೆಸರು ಇನ್ನೂ ದೊಡ್ಡದಾಗಿ."

"ಹಲಗೆ ಸಾಲಲ್ಲ."

"ಅಂಚಿನಲ್ಲಿ ಜಾಗ ಇದೆಯಲ್ಲ?"

"ಅದು ಗಾಳಿಗೆ!" ಎಂದ ಬೋರ್ಡಣ್ಣ. ಬೋರ್ಡಿಗೆ ಗಾಳಿ ಯಾಕೆ ಬೇಕೆಂದು ಅವನಿಗೂ ಗೊತ್ತಿರಲಿಲ್ಲ.

ಹೆಂಡತಿ ಒಣಗಿದ ಬಟ್ಟೆ ಮಡಿಸುತ್ತಾ ಬಾಗಿಲಲ್ಲಿ ನಿಂತು ನೋಡಿದಳು. ಗಂಡ 'ಕವಿ' ಎಂಬ ಎರಡಕ್ಷರವನ್ನು ಕೆಂಪಿನಲ್ಲಿ ತುಂಬುತ್ತಿದ್ದ ರೀತಿ, ಯಾರಿಗೋ ಚುಚ್ಚುಮದ್ದು ಕೊಡುತ್ತಿದ್ದ ಹಾಗಿತ್ತು.

"ಪಾಪ, ನೀವೂ ಒಂದು ಕವನ ಬರೀಬಹುದಲ್ರೀ," ಎಂದಳು ಮೆತ್ತಗೆ.

"ನನಗೆ ಕೆಮ್ಮಿಲ್ಲ," ಎಂದ.

"ಅಪ್ಪಾ, ನೀನೂ ಶುಕ್ರವಾರ ಬರ್ಬೇಕು," ಎಂದಳು ಗುಬ್ಬಿ. ಬೋರ್ಡಣ್ಣನ ಬ್ರಷ್ಷು ನಿಂತಿತು. ಮುಖದಲ್ಲಿ ಬೆಳಕು ಬಂತು. "ಕಾರ್ಯಕ್ರಮಕ್ಕೆ ಮುಂಚೆ ನಾವೆಲ್ಲ ಬೀದಿಗೆ ಹೋಗಿ ಗೋಡೆ ಮೇಲೆ ಬರೆದಿರೋದನ್ನೆಲ್ಲ ಓದ್ತೀವಿ. ಯಾಕೆ ಬರೆದಿದಾರೆ ಅಂತ ಕಂಡುಹಿಡೀತೀವಿ. ರಸ್ತೆ ದಾಟುವಾಗ ಕೆಂಪು ಬಾವುಟ ಹಿಡಿಯೋಕೆ ಒಬ್ಬರು ಅಪ್ಪ ಬೇಕಂತೆ. ನಾನು ಕೈ ಎತ್ತಿದೆ."

ಬೆಳಕು ಆರಿತು.

ಗುರುವಾರ ಮಧ್ಯಾಹ್ನ ಒಂದೂವರೆಗೆ, ಊರೆಲ್ಲ ಊಟಕ್ಕೆ ಹೋಗುವ ಹೊತ್ತಿನಲ್ಲಿ, ಬೋರ್ಡಣ್ಣ ಒಂದು ಘೋರ ಕೃತ್ಯ ಎಸಗಿದ. ಅದನ್ನು ಮುಚ್ಚುಮರೆಯಲ್ಲಿ ಮಾಡುವ ಅಗತ್ಯ ಅವನಿಗಿರಲಿಲ್ಲ. ಏಣಿ, ಬಣ್ಣ, ಬ್ರಷ್ಷು ಹಿಡಿದು ಗೋಡೆಯ ಮುಂದೆ ನಿಂತ ಬೋರ್ಡಣ್ಣನನ್ನು ಯಾರಾದರೂ ಅನುಮಾನದಿಂದ ನೋಡುವುದುಂಟೇ? ಅವನು ವಾರ್ಡು ಆಫೀಸಿನ ಖಾಲಿ ಅರ್ಧಗೋಡೆಯ ಮುಂದೆ ಹಾಡಹಗಲೇ ಏಣಿ ಹಾಕಿದ. ಬುತ್ತಿ ಹಿಡಿದು ಬಂದ ಗುಮಾಸ್ತರು "ಏಣಿ ಅಲ್ಲಾಡ್ತಿದೆ ಕಣ್ರೀ" ಎಂದು ಎರಡು ನಿಮಿಷ ಏಣಿ ಹಿಡಿದುಕೊಂಡರು. ಅಂಗಡಿ ಮುಚ್ಚಿ ಊಟಕ್ಕೆ ಹೊರಟ ಔಷಧಿ ಮಾಮ "ಬಿಸಿಲಲ್ಲೂ ಕೆಲಸ! ಊಟ ಆಯ್ತಾ?" ಎಂದು ಕೈಬೀಸಿ ಹೋದರು. ಬೋರ್ಡಣ್ಣನೂ ಕೈಬೀಸಿದ. ಅವರು ತಿರುವು ದಾಟುವವರೆಗೂ ಕಣ್ಣು ಅತ್ತ ಇಟ್ಟುಕೊಂಡೇ ಕೈಯಿಂದ ಕೆಲಸ ಮುಗಿಸಿದ. ಕೈ ಎಲ್ಲವನ್ನೂ ಮುಗಿಸಿತು. ಆಮೇಲೆ ಬ್ರಷ್ಷು ತೊಳೆಯಲು ಹೊರಟಿತು.

ಗೋಡೆಯ ಮೇಲೆ, ಅಡಿ ಎತ್ತರದ ನೀಲಿ ಅಕ್ಷರದಲ್ಲಿ, ಹೀಗಿತ್ತು:

'ಸಾರ್ವಜನಿಕರ ಗಮನಕ್ಕೆ. ಕೆಮ್ಮು ಬಂದರೆ ಔಷಧಿ ತೆಗೆದುಕೊಳ್ಳಿ. ಜೊತೆಗೆ ಕೊಡುವ ಕವನ ತೆಗೆದುಕೊಳ್ಳಬೇಡಿ. ಕವನದಿಂದ ಕೆಮ್ಮು ಹೆಚ್ಚಾಗುತ್ತದೆ. ಇಂತಿ, ನಿಮ್ಮ ಹಿತೈಷಿ.'

ನಾಲ್ಕು ಗಂಟೆಗೆ ಗೋಡೆಯ ಮುಂದೆ ಹತ್ತು ಜನ. ಐದು ಗಂಟೆಗೆ ಐವತ್ತು. ಬೋರ್ಡಣ್ಣ ಮನೆಯ ಕಿಟಕಿಯ ಪರದೆ ಒಂದು ಬೆರಳಿನಷ್ಟು ಸರಿಸಿ ನೋಡಿದ. ಜನ ನಗುತ್ತಿದ್ದರು. ಅವನ ವಾಕ್ಯ ಓದಿ ನಗುತ್ತಿದ್ದರು! ಅವನಿಗೆ ಓಡಿಹೋಗಿ "ನಂದು!" ಎನ್ನಬೇಕೆನಿಸಿತು. ಮಂಚದ ಕೆಳಗೆ ಅಡಗಬೇಕೆಂದೂ ಅನಿಸಿತು. ಎರಡೂ ಒಟ್ಟಿಗೆ ಆಗದ್ದರಿಂದ ಪರದೆ ಹಿಡಿದುಕೊಂಡು ಅಲ್ಲೇ ನಿಂತ.

"ಪರದೆ ಬಿಡಿ, ಅಂಚು ನೋಡೋಕೆ ತೂಗುಹಾಕಿದ್ದು, ಗಿರಾಕಿದು," ಎಂದಳು ಹೆಂಡತಿ.

ವಾರ್ಡು ಆಫೀಸಿನಲ್ಲಿ ಬೇರೆಯೇ ಗಲಾಟೆ. ಬರಹ ಆಫೀಸಿನ ಗೋಡೆಯ ಮೇಲಿದೆ, ಆಫೀಸಿನ ಬಣ್ಣದಲ್ಲೇ ಇದೆ, ಆದ್ದರಿಂದ ಮೇಲಿನಿಂದ ಬಂದ ಆದೇಶವೇ ಆಗಿರಬೇಕೆಂದು ಗುಮಾಸ್ತರು ಸಂಜೆಯವರೆಗೆ ಕಡತ ಹುಡುಕಿದರು. ಸಿಗಲಿಲ್ಲ. ಸಾಹೇಬರ ಕೋಣೆಗೆ ಹೋಗಿ ಕೇಳಿದರು. ಸಾಹೇಬರು ಕಿಟಕಿಯಿಂದ ಜನ ನಗುವುದನ್ನು ನೋಡಿ, "ಪರವಾಗಿಲ್ಲ ಕಣ್ರೀ, ನಮ್ಮ ಆಫೀಸಿನ ಗೋಡೆಯನ್ನೂ ಜನ ಓದ್ತಿದಾರೆ. ಯಾರು ಬರೆದದ್ದು ಇದು? ಭಾಷೆ ಚೆನ್ನಾಗಿದೆ" ಎಂದರು. ಗುಮಾಸ್ತರು ಏನೂ ಹೇಳದೆ, ತುಸು ತಲೆ ತಗ್ಗಿಸಿ, ಕಾಲ್ಬೆರಳಿನಿಂದ ನೆಲ ಗೀರಿದರು. ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಅದು ಅವರ ಮೊದಲ ಸ್ವಂತ ಕೆಲಸ.

ಶುಕ್ರವಾರ ಬೆಳಗ್ಗೆ ಹತ್ತಕ್ಕೆ ಮೂರನೇ ಕ್ಲಾಸು ಬೀದಿಗೆ ಇಳಿಯಿತು. ಇಪ್ಪತ್ತೆಂಟು ಮಕ್ಕಳು, ಮೂರು ಚಪ್ಪಲಿ ಡಬ್ಬಿ, ತೋಳಿಗೆ ಸೀಮೆಸುಣ್ಣ ಅಂಟಿದ ಸಣ್ಣ ದೇಹದ ಟೀಚರಮ್ಮ, ಇಸ್ತ್ರಿ ಮಾಡಿದ ಕೋಟಿನಲ್ಲಿ ಔಷಧಿ ಮಾಮ. ಮುಂದುಗಡೆ ಕೆಂಪು ಬಾವುಟ ಹಿಡಿದ ಬೋರ್ಡಣ್ಣ, ತನ್ನನ್ನು ತಾನೇ ಗಲ್ಲಿಗೆ ಕರೆದೊಯ್ಯುತ್ತಿರುವವನಂತೆ.

ಅವನು ಮಕ್ಕಳನ್ನು ಬೇರೆ ಬೀದಿಗೆ ತಿರುಗಿಸಲು ಎರಡು ಸಲ ಪ್ರಯತ್ನಪಟ್ಟ. "ಟೀಚರಮ್ಮ, ಆ ಕಡೆ ದೊಡ್ಡ ನಾಯಿ ಇದೆ" ಎಂದ. "ಗೊತ್ತು, 'ನಾಯಿ ಇದೆ ಎಚ್ಚರಿಕೆ'. ಅದನ್ನೂ ಓದೋಣ" ಎಂದರು ಟೀಚರಮ್ಮ. ಓದಿದರು. ಚೀಟಿ ತಿಳಿಸೋಕೆ ಡಬ್ಬಿಗೆ ಬಿತ್ತು. ಬಟ್ಟೆ ಅಂಗಡಿಯ 'ಇಂದೇ ಬನ್ನಿ, ನಾಳೆ ಮುಗಿದುಹೋಗುತ್ತದೆ' ಎಂಬುದು ಒಪ್ಪಿಸೋಕೆ ಡಬ್ಬಿಗೆ. ವಾರ್ಡು ಆಫೀಸಿನ ಬಾಗಿಲ ಮೇಲಿನ 'ಸಾರ್ವಜನಿಕರ ಸೇವೆಗೆ ಸದಾ ಸಿದ್ಧ' ಎಂಬ ಬೋರ್ಡಿನ ಮುಂದೆ ಮಕ್ಕಳು ತುಂಬಾ ಹೊತ್ತು ಚರ್ಚೆ ಮಾಡಿ, ಒಳಗೆ ಇಣುಕಿ ಖಾಲಿ ಕುರ್ಚಿಗಳನ್ನು ನೋಡಿ, ಚೀಟಿಯನ್ನು ನಗಿಸೋಕೆ ಡಬ್ಬಿಗೆ ಹಾಕಿದರು.

ಆಮೇಲೆ ಗೋಡೆ ಬಂತು.

ಜನ ಆಗಲೇ ಸೇರಿದ್ದರು. ಕಟಿಂಗ್ ಅಂಗಡಿಯವನು ಹೆಗಲ ಮೇಲೆ ಟವೆಲ್ಲು ಹಾಕಿಕೊಂಡೇ ಬಂದಿದ್ದ. ಕುರ್ಚಿಯಲ್ಲಿರಬೇಕಾದ ಗುಮಾಸ್ತರು ಹೊರಗೇ ಇದ್ದರು. ಮಕ್ಕಳು ಗೋಡೆಯನ್ನು ಮೇಲಿನಿಂದ ಕೆಳಗಿನವರೆಗೆ, ಮೂಲೆಯಿಂದ ಮೂಲೆಗೆ ಓದಿದರು. ಓದಿ ಮುಗಿಸಿ ಒಬ್ಬರ ಕಿವಿಯಲ್ಲಿ ಒಬ್ಬರು ಗುಸುಗುಸು ಎಂದರು. ಟೀಚರಮ್ಮ ತುಟಿಯ ಮೇಲೆ ಬೆರಳಿಟ್ಟು, "ಮೊದಲನೇ ಪ್ರಶ್ನೆ ಆಮೇಲೆ. ಈಗ ಎರಡನೇದು ಮಾತ್ರ. ಯಾಕೆ ಬರೆದಿದಾರೆ?" ಎಂದರು. ಗುಬ್ಬಿ ಮಾತ್ರ ತನ್ನ ಶೂ ನೋಡುತ್ತಾ ನಿಂತಿದ್ದಳು.

"ತಿಳಿಸೋಕೆ ಮಿಸ್! 'ಸಾರ್ವಜನಿಕರ ಗಮನಕ್ಕೆ' ಅಂತಿದೆ."

"ಅಲ್ಲ, ಅದು ನಿಜ ಅಲ್ವಲ್ಲ. ಕವನದಿಂದ ಕೆಮ್ಮು ಬರಲ್ಲ. ಒಪ್ಪಿಸೋಕೆ."

"ನಮ್ಮಮ್ಮ ಓದಿ ನಕ್ಕರು. ನಗಿಸೋಕೆ!"

ಮುಂದಿನ ಎರಡು ಹಲ್ಲು ಬಿದ್ದಿದ್ದ ಒಬ್ಬಳು ಪುಟ್ಟ ಹುಡುಗಿ ಕೈ ಎತ್ತಿದಳು. "ಮಿಸ್, ಇದು ಯಾವ ಡಬ್ಬಿಗೂ ಹೋಗಲ್ಲ. ಬರೆದೋರಿಗೆ ಹೊಟ್ಟೆಕಿಚ್ಚು."

"ಹೇಗೆ ಗೊತ್ತಾಯ್ತು?"

"ನಮ್ಮನೇಲಿ ತಂಗಿಗೆ ಹೊಸ ಚಪ್ಪಲಿ ತಂದ್ರು. ನಂಗೆ ತರ್ಲಿಲ್ಲ. ನಾನು ಅವಳಿಗೆ, 'ಪಾಪ, ಹಾಕ್ಕೋಬೇಡ, ಆ ಚಪ್ಪಲಿ ಕಚ್ಚತ್ತೆ' ಅಂದೆ. ಅದು ಕಚ್ತಾ ಇರ್ಲಿಲ್ಲ. ನಾನೂ ಅವಳ ಹಿತೈಷಿನೇ."

ಮಕ್ಕಳೆಲ್ಲ "ಹೌದು ಹೌದು" ಎಂದರು. ಬೋರ್ಡಣ್ಣನ ಕಿವಿ ಅವನ ಕೈಯಲ್ಲಿದ್ದ ಬಾವುಟದ ಬಣ್ಣಕ್ಕೆ ತಿರುಗಿತು. ಅವನು ಓರೆಗಣ್ಣಿನಲ್ಲಿ ಔಷಧಿ ಮಾಮನನ್ನು ನೋಡಿದ. ಈಗ ಬೀಳುತ್ತದೆ ಬೈಗುಳ, ಈಗ ಕರೆಯುತ್ತಾರೆ ಪೊಲೀಸರನ್ನು, ಎಂದು ಕಾದ.

ಔಷಧಿ ಮಾಮ ಕಣ್ಣೊರೆಸಿಕೊಳ್ಳುತ್ತಿದ್ದರು.

"ಹೊಟ್ಟೆಕಿಚ್ಚು!" ಎಂದರು ಗದ್ಗದವಾಗಿ. "ಕೇಳಿದ್ರಾ ಟೀಚರಮ್ಮ? ನನ್ನ ಕವನ ಕಂಡು ಒಬ್ಬರಿಗೆ ಹೊಟ್ಟೆಕಿಚ್ಚು! ಇಷ್ಟು ವರ್ಷ ಬರೆದೆ, ಯಾರೂ ಚೆನ್ನಾಗಿದೆ ಅನ್ನಲಿಲ್ಲ, ಚೆನ್ನಾಗಿಲ್ಲ ಅಂತ ಕೂಡ ಅನ್ನಲಿಲ್ಲ. ನಿನ್ನೆಯಿಂದ ಮೂವತ್ತೊಂದು ಜನ ಬಂದು ಪುಸ್ತಕ ಕೇಳಿದಾರೆ. ಅಷ್ಟು ಕೆಟ್ಟದಾಗಿದೆಯಾ ನೋಡ್ಬೇಕು ಅಂತ! ಯಾರಿಗೂ ಕೆಮ್ಮಿಲ್ಲ, ಬರೀ ಪುಸ್ತಕ! ಇದನ್ನ ಬರೆದ ಮಹಾನುಭಾವರು ಯಾರೇ ಇರಲಿ, ಇವತ್ತು ವೇದಿಕೆ ಮೇಲೆ ನನ್ನ ಪಕ್ಕ ಕುರ್ಚಿ ಹಾಕಿ ಕೂರಿಸ್ತೀನಿ!"

ಕಟಿಂಗ್ ಅಂಗಡಿಯವನು ಟವೆಲ್ಲು ಸರಿಮಾಡಿಕೊಂಡು ಕೆಮ್ಮಿದ.

"ಹೇಳ್ಬಾರದು ಅಂತಿದ್ದೆ," ಎಂದ. "ಮಾತು ಹುಟ್ಟಿದ್ದು ನಮ್ಮ ಅಂಗಡೀಲೇ. ನಾನೇ ಯಾರಿಗೋ ಅಂದಿದ್ದೆ. ನಂದು ಸ್ವಲ್ಪ ತಮಾಷೆ ಸ್ವಭಾವ."

ಬೋರ್ಡಣ್ಣ ಸರಕ್ಕನೆ ತಿರುಗಿದ. ತನ್ನ ಸ್ವಂತ ವಾಕ್ಯವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಹಾಕಿಸಿದವನು!

"ಸುಮ್ನಿರ್ರೀ," ಎಂದರು ಗುಮಾಸ್ತರು ಮುಂದೆ ಬಂದು. "ಇದು ಇಲಾಖೆಯ ಗೋಡೆ. ಕರಡು ನನ್ನದು. ಸಾಹೇಬರು ಖುದ್ದಾಗಿ ಮೆಚ್ಚಿದಾರೆ. 'ಇಂತಿ ನಿಮ್ಮ ಹಿತೈಷಿ' ಅನ್ನೋ ಕಡೆ ಸ್ವಲ್ಪ ಕಷ್ಟ ಆಯ್ತು, ಎರಡು ದಿನ ಯೋಚನೆ ಮಾಡಿ ಹಾಕಿದೆ."

"ಎಂಥಾ ಪದ, ಎಂಥಾ ಪದ!" ಎಂದು ಔಷಧಿ ಮಾಮ ಗುಮಾಸ್ತರ ಕೈ ಹಿಡಿದುಕೊಂಡರು. ಗುಮಾಸ್ತರು ಆ ಕೈ ಬಿಡಿಸಿಕೊಳ್ಳಲಿಲ್ಲ. ಬದಲಿಗೆ ಇನ್ನೊಂದು ಕೈಯನ್ನೂ ಕೊಟ್ಟರು.

ಔಷಧಿ ಮಾಮನನ್ನು ಕಂಡರೆ ಬೋರ್ಡಣ್ಣನಿಗೆ ಮೂರು ದಿನದಿಂದ ಹೊಟ್ಟೆ ಉರಿಯುತ್ತಿದ್ದದ್ದು ನಿಜ. ಆದರೆ ಆ ಉರಿ ಈ ಉರಿಯ ಮುಂದೆ ಏನೂ ಅಲ್ಲ. ಕಾಮಾಲೆಯನ್ನು ಕೂಡ ಸ್ವಂತವಾಗಿ ಪಡದ ಮನುಷ್ಯ ತನ್ನ ಹೊಟ್ಟೆಕಿಚ್ಚನ್ನು ತನ್ನದೆಂದು ಹೇಳಿಕೊಂಡು ಕುರ್ಚಿಯ ಮೇಲೆ ಕೂರುವುದೇ?

"ನಾನು ಬರೆದದ್ದು!" ಎಂದು ಬೋರ್ಡಣ್ಣ ಕಿರುಚಿದ.

ಕಿರುಚುವಾಗ ಬಾವುಟದ ಕೈಯೂ ಮೇಲಕ್ಕೆ ಹೋಯಿತು. ರಸ್ತೆಯಲ್ಲಿ ಬರುತ್ತಿದ್ದ ಬಸ್ಸು ಗಕ್ಕನೆ ನಿಂತಿತು. ಅದರ ಹಿಂದೆ ಎರಡು ಲಾರಿ, ಒಂದು ಹಾಲಿನ ವ್ಯಾನು. ಬಸ್ಸಿನವರೆಲ್ಲ ಕಿಟಕಿಯಿಂದ ತಲೆ ಹೊರಗೆ ಹಾಕಿದರು.

"ನಾನು! ಪ್ರತಿ ಅಕ್ಷರ ನಂದು! ಹಿತೈಷಿ ನಾನೇ!"

ಎಲ್ಲರೂ ಬಾಯಿ ಬಿಟ್ಟು ನೋಡಿದರು, ಇಪ್ಪತ್ತೆಂಟು ಮಕ್ಕಳನ್ನು ಬಿಟ್ಟು.

"ಗೊತ್ತಪ್ಪ," ಎಂದಳು ಗುಬ್ಬಿ ಮೆಲ್ಲಗೆ. "ಕೆಳಗೆ ಬರೆದಿದೀಯಲ್ಲ."

ಬೋರ್ಡಣ್ಣ ಬಗ್ಗಿ ನೋಡಿದ. ಔಷಧಿ ಮಾಮ ಕನ್ನಡಕ ಹಾಕಿಕೊಂಡು ಬಗ್ಗಿದರು. ಗುಮಾಸ್ತರು ಬಗ್ಗಿದರು. ಏಣಿ ಹಿಡಿದಿದ್ದ ನೆನಪು ಈಗ ಬಂದು ಅಲ್ಲೇ ಬಗ್ಗಿಕೊಂಡೇ ಉಳಿದರು. ಬಲಮೂಲೆಯಲ್ಲಿ, ದೊಡ್ಡವರ ಮೊಣಕಾಲಿನ ಮಟ್ಟದಲ್ಲಿ, ಮೂರನೇ ಕ್ಲಾಸಿನವರ ಕಣ್ಣಿಗೆ ಸರಿಯಾಗಿ, ಕಡಲೆಕಾಳಿನಷ್ಟು ಅಕ್ಷರ, ಒಂದೂ ಸೊಟ್ಟ ಇಲ್ಲದೆ: 'ಬರಹ: ಬೋರ್ಡಣ್ಣ'.

"ಈಗ ಬರೆದವರನ್ನೇ ಕೇಳಬಹುದು," ಎಂದರು ಟೀಚರಮ್ಮ. ಅವರ ದನಿಯಲ್ಲಿ ಕೋಪವಿರಲಿಲ್ಲ. ಅದೇ ಬೋರ್ಡಣ್ಣನಿಗೆ ಹೆಚ್ಚು ಕಷ್ಟವಾಯಿತು. "ಯಾರು ಕೇಳ್ತೀರಿ?"

ಗುಬ್ಬಿಯೇ ಮುಂದೆ ಬಂದಳು. ಪೆನ್ಸಿಲ್ಲು, ಚೀಟಿ ಹಿಡಿದುಕೊಂಡು ಅಪ್ಪನ ಮುಂದೆ ನಿಂತು, ಪಾಠದಲ್ಲಿ ಹೇಳಿಕೊಟ್ಟ ಹಾಗೆ ಕೇಳಿದಳು: "ನೀವು ಇದನ್ನ ಯಾಕೆ ಬರೆದ್ರಿ?"

ಮಗಳು ಅವನನ್ನು 'ನೀವು' ಎಂದದ್ದು ಅದೇ ಮೊದಲು. ಬೋರ್ಡಣ್ಣ ಬಾವುಟ ಮಡಿಸಿದ. ಬಿಚ್ಚಿದ. ಮತ್ತೆ ಮಡಿಸಿದ. ಬಸ್ಸಿನ ಡ್ರೈವರು ಇಂಜಿನ್ನು ಆರಿಸಿದ, ಅವನಿಗೂ ಕೇಳಬೇಕಿತ್ತು.

"ನೀನು ಹೋಂವರ್ಕಿನಲ್ಲಿ ಅವರ ಹೆಸರು ಬರೆದೆಯಲ್ಲ," ಎಂದ. "ಅದಕ್ಕೆ."

ಗುಬ್ಬಿ ಚೀಟಿಯಿಂದ ತಲೆಯೆತ್ತಿದಳು. "ನನ್ನ ಹೆಸರು ಬರಿ ಅಂತ ನೀನು ಹೇಳಿದ್ರೆ ಬರೀತಿದ್ದೆನಲ್ಲಪ್ಪ?"

"ಹೇಳಿ ಬರೆಸಿಕೊಂಡ್ರೆ ಅದು ಬೋರ್ಡು ಕಣೇ ಮರಿ," ಎಂದ ಬೋರ್ಡಣ್ಣ.

ಹಲ್ಲು ಬಿದ್ದ ಹುಡುಗಿ ಬಂದು ಅವನ ಕೈ ಹಿಡಿದುಕೊಂಡಳು. "ಪರವಾಗಿಲ್ಲ ಅಂಕಲ್. ಆಮೇಲೆ ನಂಗೂ ಚಪ್ಪಲಿ ತಂದ್ರು" ಎಂದು ಸಮಾಧಾನ ಹೇಳಿದಳು.

ಚೀಟಿ ಹಾಕಲು ಮಾತ್ರ ಡಬ್ಬಿ ಇರಲಿಲ್ಲ. ಔಷಧಿ ಮಾಮ ಓಡಿಹೋಗಿ ಅಂಗಡಿಯಿಂದ ಕೆಮ್ಮಿನ ಔಷಧಿಯ ಒಂದು ಖಾಲಿ ರಟ್ಟಿನ ಡಬ್ಬಿ ತಂದರು. ಅದರ ಮೇಲೆ ಹೆಸರು ಬರೆಯಬೇಕಾಗಿತ್ತು. ಬ್ರಷ್ಷು ಬೋರ್ಡಣ್ಣನ ಜೇಬಿನಲ್ಲೇ ಇತ್ತು. ಇಪ್ಪತ್ತೆಂಟು ಮಕ್ಕಳು ಸುತ್ತ ನಿಂತು ಹೇಳಿದ ಪದವನ್ನು ಅವನು ಫುಟ್‌ಪಾತಿನ ಮೇಲೆ ಮೊಣಕಾಲೂರಿ, ದುಂಡಗೆ, ನೀಲಿಯಲ್ಲಿ ಬರೆದ: 'ಹೊಟ್ಟೆಕಿಚ್ಚಿಗೆ'. ಬರೆದು ಮುಗಿಸಿ ಕೈ ಬಲಮೂಲೆಗೆ ಜಾರಿತು. ಈ ಸಲ ಅವನು ಅದನ್ನು ನೋಡಿದ. ತಡೆಯಲು ಹೋಗಲಿಲ್ಲ.

ವೇದಿಕೆಯ ಮೇಲೆ ಎರಡು ಕುರ್ಚಿ ಹಾಕಿದರು. ಔಷಧಿ ಮಾಮ 'ಮುಲಾಮು' ಓದಿದರು, ಮಕ್ಕಳು ತುಂಬಾ ಮರ್ಯಾದೆಯಿಂದ ಕೇಳಿಸಿಕೊಂಡರು. ಕವನ ನಿಮಗೆ ಹೇಗೆ ಬರುತ್ತದೆ ಎಂದು ಒಂದು ಮಗು ಕೇಳಿತು. "ಒಳಗಿನಿಂದ ತಾನಾಗೇ ಉಕ್ಕಿ ಬರತ್ತೆ, ತಡೆಯಕ್ಕಾಗಲ್ಲ" ಎಂದರು. "ಕೆಮ್ಮಿನ ಹಾಗಾ?" ಎಂದಿತು ಮಗು. ಬೋರ್ಡಣ್ಣ ಮುಖ ಆ ಕಡೆ ತಿರುಗಿಸಿಕೊಂಡು, ಹೆಗಲು ಕುಲುಕಿಸುತ್ತಾ, ತುಂಬಾ ಹೊತ್ತು ಗೋಡೆ ನೋಡಿದ.

ಗೋಡೆಯ ಬರಹ ಅಳಿಸಲು ಅವನು ಸಂಜೆಯೇ ಸುಣ್ಣದ ಬಕೆಟ್ಟು ಹಿಡಿದು ಹೋದ. ಗುಮಾಸ್ತರು ಬಿಡಲಿಲ್ಲ. "ಬರೆಯೋಕೆ ಆದೇಶ ಇರಲಿಲ್ಲ, ಸರಿ. ಅಳಿಸೋಕೆ ಎಲ್ಲಿದೆ ಆದೇಶ?" ಎಂದು ಕೇಳಿ, ಅವನ ಮುಖ ನೋಡಲಾಗದೆ ಒಳಗೆ ಹೋದರು. ಔಷಧಿ ಮಾಮನಿಗಂತೂ ಅದೇ ಬೇಕಾಗಿತ್ತು. ಅವರು ಎರಡನೇ ಮುದ್ರಣಕ್ಕೆ ಕೊಟ್ಟಾಗಿತ್ತು.

ಮನೆಗೆ ಬಂದಾಗ ಐದೂಕಾಲು. ಹೆಂಡತಿ ಚಹಾ ಇಟ್ಟು, ತಟ್ಟೆಯಲ್ಲಿ ಎಂದಿಗಿಂತ ಎರಡು ಬಿಸ್ಕತ್ತು ಹೆಚ್ಚಿಗೆ ಇಟ್ಟು, ಹೊಲಿಗೆಗೆ ಕುಳಿತಳು. ಗುಬ್ಬಿ ಹೋಂವರ್ಕಿನ ಪುಸ್ತಕವನ್ನು ಅಪ್ಪನ ಮುಂದೆ ತೆರೆದಿಟ್ಟು ಕೈ ಕಟ್ಟಿಕೊಂಡು ನಿಂತಳು. ಹಳೆಯ ಉತ್ತರವನ್ನು ರಬ್ಬರಿನಿಂದ ಉಜ್ಜಿ ಉಜ್ಜಿ ಹಾಳೆ ತೆಳ್ಳಗಾಗಿತ್ತು. ಅದರ ಮೇಲೆ ಹೊಸದಾಗಿ ಬರೆದಿದ್ದಳು:

'ನಮ್ಮ ಬೀದಿಯಲ್ಲಿ ಬರೆಯುವವರು ಇಬ್ಬರು ಇದ್ದಾರೆ. ಒಬ್ಬರು ಔಷಧಿ ಮಾಮ. ಅವರು ಜನ ಅಳಲಿ ಎಂದು ಬರೆಯುತ್ತಾರೆ, ಆದರೆ ಯಾರೂ ಅಳುವುದಿಲ್ಲ. ಇನ್ನೊಬ್ಬರು ನಮ್ಮ ಅಪ್ಪ. ಅವರು ಹೊಟ್ಟೆಕಿಚ್ಚಿಗೆ ಬರೆದರು, ಎಲ್ಲರೂ ನಕ್ಕರು. ಇದನ್ನು ಬರೆಯಲು ನನಗೆ ಯಾರೂ ಹೇಳಿಲ್ಲ.'

ಬೋರ್ಡಣ್ಣ ಓದಿದ. ಕೈಯಲ್ಲಿದ್ದ ಬಿಸ್ಕತ್ತು ಚಹಾದಲ್ಲಿ ಬಿದ್ದು ಕರಗಿತು, ಗಮನಿಸಲಿಲ್ಲ. ಇನ್ನೊಂದು ಸಲ ಓದಿದ. ಪುಸ್ತಕವನ್ನು ಬೆಳಕಿಗೆ ಹಿಡಿದು ಮೂರನೇ ಸಲ ಓದಿದ. ಕಣ್ಣು ಒರೆಸಿಕೊಂಡ. ಹೆಂಡತಿ ಯಂತ್ರ ನಿಲ್ಲಿಸಿ ಅವನು ಏನು ಹೇಳುತ್ತಾನೋ ಎಂದು ಕಾದಳು.

"ಎಲ್ಲಾ ಸರಿ," ಎಂದ ಬೋರ್ಡಣ್ಣ ಕೊನೆಗೆ. "ಇಬ್ಬರಲ್ಲಿ ಅವರನ್ನ ಯಾಕೆ ಮೊದಲು ಬರೆದೆ?"